ತೈನೊ ಹೆಂಚಿನ ಮೇಲೆ ಬೆಂದದ್ದೇನು: ನನ್ನ ಅನುಭವ

ಕೆರಿಬಿಯನ್ ಸಮುದ್ರದ ಪೋರ್ಟೊ ರಿಕೊ ದ್ವೀಪದ ಮೂಲನಿವಾಸಿಗಳಾದ ತೈನೊ ಜನರು ಬಳಸುತ್ತಿದ್ದ ಮಣ್ಣಿನ ಹೆಂಚಿಗೆ ‘ಬುರೇನ್’ ಎಂದು ಹೆಸರು. ರೊಟ್ಟಿ ಹೆಂಚಿನ ಮನೆಯಲ್ಲಿ ಬೆಳೆದ ನನಗೆ ಅದರ ಚೂರನ್ನು ಗುರುತಿಸುವುದು ಕಷ್ಟವಾಗಲಿಲ್ಲ: ದಪ್ಪನೆಯ ಬಿಲ್ಲೆ, ಮೇಲ್ಮೈ ನುಣುಪು, ತಳ ಒರಟು. 1493ರಲ್ಲಿ ಕೊಲಂಬಸ್ ಈ ದ್ವೀಪಕ್ಕೆ ಬಂದ ಮೇಲೆ ಸ್ಪ್ಯಾನಿಷ್ ಬರಹಗಾರರು, ಕೆರಿಬಿಯನ್ ದ್ವೀಪಗಳ ಜನ ಮರಗೆಣಸನ್ನು ತುರಿದು, ವಿಷದ ರಸವನ್ನು ಹಿಂಡಿ ತೆಗೆದು, ಇಂಥ ಹೆಂಚಿನ ಮೇಲೆ ರೊಟ್ಟಿ ಸುಡುತ್ತಿದ್ದುದನ್ನು ವಿವರವಾಗಿ ಬರೆದಿಟ್ಟರು. ಹೀಗಾಗಿ ಬುರೇನ್ ಸಿಕ್ಕಲ್ಲೆಲ್ಲ ಮರಗೆಣಸೇ ಮುಖ್ಯ ಆಹಾರವಾಗಿತ್ತೆಂದು ಬಹುಕಾಲ ತೀರ್ಮಾನಿಸಲಾಗುತ್ತಿತ್ತು. ಚೂರುಗಳ ಸಂದುಗಳಲ್ಲಿ ಮೆಕ್ಕೆಜೋಳ, ಸಿಹಿಗೆಣಸು, ನೆಲದೊಳಗಿನ ಕಾಂಡದಲ್ಲಿ ಹಿಟ್ಟು ತುಂಬಿರುವ ಜೇಮಿಯಾ ಗಿಡದ ಪಿಷ್ಟದ ಕಣಗಳು ಕಾಣಿಸಿದ ಮೇಲೆ ಆ ನಂಬಿಕೆ ಸಡಿಲವಾಯಿತು.

ನಾನು ಕಲಿತದ್ದು ಈ ಕಣಗಳನ್ನು ತೆಗೆಯುವ ಕೆಲಸವನ್ನು. ಅಗೆದವರು ಚೊಕ್ಕಟವಾಗಿ ಉಜ್ಜಿ ತೊಳೆದ ಚೂರುಗಳನ್ನು ಕಂಡರೆ ನನಗೆ ಇಂದಿಗೂ ಸಂಕಟವಾಗುತ್ತದೆ, ಏಕೆಂದರೆ ನಮಗೆ ಬೇಕಾದದ್ದು ಆ ಕೊಳೆಯೇ. ನುಣುಪು ಮೈಯ ಸಂದುಗಳಿಂದ ಕೆರೆದ ಪುಡಿಯನ್ನು ನೀರಿನ 1.79 ಪಟ್ಟು ಸಾಂದ್ರತೆಯ ಸೀಸಿಯಂ ಕ್ಲೋರೈಡ್ ಎಂಬ ಲವಣದ ದ್ರಾವಣದಲ್ಲಿ ಕಲಸಿ ಯಂತ್ರದಲ್ಲಿ ತಿರುಗಿಸಿದರೆ ಮಣ್ಣು ತಳ ಸೇರುತ್ತದೆ, ಹಗುರವಾದ ಪಿಷ್ಟ ತೇಲುತ್ತದೆ. ಅದನ್ನು ತೊಳೆದು ಗಾಜಿನ ಮೇಲೆ ಹಾಕಿ ಸೂಕ್ಷ್ಮದರ್ಶಕದಡಿ ಧ್ರುವೀಕೃತ ಬೆಳಕಿನಲ್ಲಿ (ಒಂದೇ ದಿಕ್ಕಿನಲ್ಲಿ ಕಂಪಿಸುವಂತೆ ಸೋಸಿದ ಬೆಳಕು) ನೋಡಿದಾಗ ಒಂದೊಂದು ಕಣದ ನಡುವೆಯೂ ಕಪ್ಪು ಶಿಲುಬೆಯೊಂದು ಮೂಡುತ್ತದೆ.

ನನ್ನ ಮೊದಲ ಗಾಜಿನಲ್ಲಿ ಮೂಲೆಮೂಲೆಯಾದ ಮೆಕ್ಕೆಜೋಳದ ಕಣಗಳು ರಾಶಿಯಾಗಿ ಕಂಡವು. ಎರಡು ದಿನ ಹಿಗ್ಗಿದೆ. ಮೂರನೆಯ ದಿನ, ಚೂರಿನ ಪುಡಿಯನ್ನೇ ಹಾಕದೆ ಬರಿಯ ದ್ರಾವಣದಿಂದ, ತಾಳೆ ನೋಡಲೆಂದು ಮಾಡಿದ ಗಾಜಿನಲ್ಲೂ ಅವೇ ಕಣಗಳು! ನಾನು ತೊಟ್ಟಿದ್ದ ಕೈಗವಸಿನ ಒಳಗೆ ಸವರಿದ್ದ ಪುಡಿ ಮೆಕ್ಕೆಜೋಳದ ಹಿಟ್ಟಾಗಿತ್ತು. ಪೆಟ್ಟಿಗೆಯ ಮೇಲೆ ಬರೆದಿದ್ದನ್ನು ಓದದೆ ಬಳಸಿದ ತಪ್ಪು ನನ್ನದೇ.

ಪುಡಿಯಿಲ್ಲದ ಕೈಗವಸು ತೊಟ್ಟು, ಮೇಜನ್ನು ಒರೆಸಿ, ಪಾತ್ರೆಗಳನ್ನು ಕುದಿಸಿ, ಅದೇ ಚೂರಿನ ಇನ್ನೊಂದು ಭಾಗವನ್ನು ಕೆರೆದೆ. ಈ ಸಲ ತಾಳೆ ನೋಡುವ ಗಾಜು ಖಾಲಿಯಿತ್ತು. ಚೂರಿನ ಗಾಜಿನಲ್ಲಿ ಇಡೀ ದಿನ ಹುಡುಕಿದ ಮೇಲೆ ಮೆಕ್ಕೆಜೋಳದ ಕೆಲವೇ ಕಣಗಳು ಸಿಕ್ಕವು. ಮರಗೆಣಸಿನದು ಒಂದೂ ಇರಲಿಲ್ಲ. ಹೆಂಚಿನ ಕಾವಿಗೆ ಪಿಷ್ಟ ಉಬ್ಬಿ ಗುರುತು ಕಳೆದುಕೊಳ್ಳುವುದರಿಂದ, ಅವರು ಮರಗೆಣಸನ್ನು ತಿನ್ನಲೇ ಇಲ್ಲವೆಂದು ಇದರಿಂದ ಹೇಳುವಂತಿಲ್ಲ. ಕೈಗವಸಿನ ಕಣಗಳು ಒಂದೂ ಬಿರುಕಿಲ್ಲದೆ ಇಡಿಯಾಗಿದ್ದರೆ, ಹೆಂಚಿನ ಕಣಗಳ ನಡು ಸೀಳಿ, ಅಂಚು ಉಬ್ಬಿ, ಕಪ್ಪು ಶಿಲುಬೆ ಅರ್ಧಕ್ಕೆ ಮಾಸಿತ್ತು.