ಪನೆಲಾಕ್ ಮನೆ ರಿಪೇರಿ: ಮೊದಲು ಪೈಪು, ಆಮೇಲೆ ಟೈಲ್ಸ್

ಚೆಕ್ ದೇಶದಲ್ಲಿ ಪನೆಲಾಕ್, ಅಂದರೆ ಕಾಂಕ್ರೀಟ್ ಹಲಗೆ ಜೋಡಿಸಿ ಕಟ್ಟಿದ ಹಳೆಯ ಅಪಾರ್ಟ್‌ಮೆಂಟಿನ ಮನೆ ನೋಡಲು ಹೋದಾಗ ಹಾಲ್, ಕಿಟಕಿ, ಹೊರಗಿನ ನೋಟ ಎಲ್ಲ ಆಮೇಲೆ. ಮೊದಲು ಸ್ನಾನದ ಮನೆಗೆ ಹೋಗಿ ಬೆರಳ ಗೆಣ್ಣಿನಿಂದ ಗೋಡೆ ತಟ್ಟಿ. ಖಾಲಿ ಡಬ್ಬ ಬಡಿದ ಸದ್ದು ಬಂದರೆ ಕಟ್ಟಡ ಎದ್ದ ದಿನ ನಿಲ್ಲಿಸಿದ ಗೋಡೆಯೇ ಇನ್ನೂ ಇದೆ. ಗಟ್ಟಿ ಸದ್ದು ಬಂದರೆ ಯಾರೋ ಈಗಾಗಲೇ ಕಿತ್ತು ಕಟ್ಟಿಸಿದ್ದಾರೆ. ಆಗ ಕೇಳಬೇಕಾದ್ದು ಬೇರೆ: ಯಾರ ಒಪ್ಪಿಗೆ ಪಡೆದು ಕಟ್ಟಿಸಿದರು, ಅದರ ಕಾಗದ ಎಲ್ಲಿ?

ಪ್ರಾಗ್, ಬ್ರನೊ ಕಡೆ ಕೆಲಸಕ್ಕೆ ಬಂದು, ವರ್ಷಗಟ್ಟಲೆ ಬಾಡಿಗೆ ಕಟ್ಟಿ ಸಾಕಾದ ನಮ್ಮವರು ಸಿಕ್ಕಾಗಲೆಲ್ಲ ಕೇಳುವ ಪ್ರಶ್ನೆ ಒಂದೇ: "ಹಳೇ ಪನೆಲಾಕ್ ತಗೊಳ್ಳಬಹುದಾ?" ಧಾರಾಳವಾಗಿ ತಗೊಳ್ಳಿ ಎನ್ನುತ್ತೇನೆ. ಆದರೆ ರಿಪೇರಿಯ ಕ್ರಮ ತಪ್ಪಿದರೆ ದುಡ್ಡೂ ಹೋಗುತ್ತದೆ, ಅಕ್ಕಪಕ್ಕದವರ ವಿಶ್ವಾಸವೂ ಹೋಗುತ್ತದೆ.

ಪನೆಲಾಕ್ ಎಂದರೆ ಕಾರ್ಖಾನೆಯಲ್ಲಿ ಎರಕ ಹೊಯ್ದ ಕಾಂಕ್ರೀಟ್ ಹಲಗೆಗಳನ್ನು ಲಾರಿಯಲ್ಲಿ ತಂದು, ಕ್ರೇನ್‌ನಿಂದ ಎತ್ತಿ ಜೋಡಿಸಿದ ಕಟ್ಟಡ. ಈ ಬಗೆಯ ಮೊದಲ ಮನೆಗಳು ಜ್ಲೀನ್ ಪಟ್ಟಣದಲ್ಲಿ 1953-54ರಲ್ಲಿ ಎದ್ದವು. ಆಮೇಲೆ ಕಮ್ಯುನಿಸ್ಟ್ ಆಡಳಿತ ಮುಗಿಯುವವರೆಗೂ ಕಟ್ಟುವುದು ನಿಲ್ಲಲಿಲ್ಲ. ಪ್ರಾಗ್‌ನ ದಕ್ಷಿಣದಲ್ಲಿರುವ ಯಿಜ್ನೀ ಮ್ಯೆಸ್ತೊ ಬಡಾವಣೆಯ ಕೆಲಸ ಶುರುವಾದದ್ದು 1971ರಲ್ಲಿ. 1980ರಲ್ಲಿ ಅಲ್ಲಿಗೆ ಮೆಟ್ರೊ ಬಂತು, ಇಂದು ಆ ಭಾಗದಲ್ಲಿ ಮುಕ್ಕಾಲು ಲಕ್ಷ ಜನರಿದ್ದಾರೆ. ಇಡೀ ದೇಶ ತೆಗೆದುಕೊಂಡರೆ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರ ವಾಸ ಪನೆಲಾಕ್‌ನಲ್ಲೇ. ಅಧ್ಯಕ್ಷರಾಗಿದ್ದ ವಾಟ್ಸ್ಲಾವ್ ಹಾವೆಲ್ ಇವನ್ನು ಮೊಲದ ಗೂಡು ಎಂದು ಕರೆದಿದ್ದರು. ಅವರ ಬಗ್ಗೆ ನನಗೆ ತುಂಬಾ ಗೌರವ, ಆದರೂ ಈ ಮಾತು ಒಪ್ಪಲಾರೆ. ಚಳಿಗಾಲದಲ್ಲಿ ಬೆಚ್ಚಗಿರುವ, ಮೆಟ್ಟಿಲಿಳಿದರೆ ಮರಗಳೂ ಶಾಲೆಯೂ ಸಿಗುವ ಈ ಮನೆಗಳಲ್ಲಿ ಮಕ್ಕಳನ್ನು ಬೆಳೆಸಿದವರಿಗೆ ಇವುಗಳ ಬೆಲೆ ಗೊತ್ತು.

ಕಾಗದ ಮತ್ತು ಒಪ್ಪಿಗೆ

ನಿಮ್ಮ ಮನೆ ಯಾವ ಬಗೆಯ ಒಡೆತನದಲ್ಲಿದೆ ಎಂದು ಮೊದಲು ತಿಳಿದುಕೊಳ್ಳಿ. ಮನೆ ನಿಮ್ಮ ಹೆಸರಿನಲ್ಲೇ ನೋಂದಣಿಯಾಗಿದ್ದರೆ ಕಟ್ಟಡದ ಮಾಲೀಕರ ಸಂಘ ಇರುತ್ತದೆ. ಇಲ್ಲಿ ಅದಕ್ಕೆ ಎಸ್‌ವೇಯೇ ಎನ್ನುತ್ತಾರೆ. ಇನ್ನು ಕೆಲವು ಕಟ್ಟಡಗಳು ಇವತ್ತಿಗೂ ದ್ರುಜ್‌ಸ್ತ್ವೊ, ಅಂದರೆ ಸಹಕಾರ ಸಂಘದ ಕೈಯಲ್ಲಿವೆ. ಅಲ್ಲಿ ನೀವು ಕೊಳ್ಳುವುದು ಮನೆಯನ್ನಲ್ಲ, ಸದಸ್ಯತ್ವದ ಪಾಲನ್ನು. ಹಾಗಾಗಿ ರಿಪೇರಿಗೆ ಸಂಘದ ಒಪ್ಪಿಗೆ ಇನ್ನೂ ಬಿಗಿಯಾಗಿರುತ್ತದೆ.

ಎರಡರಲ್ಲೂ ಸಂಘದ ಕೊನೆಯ ಒಂದೆರಡು ಸಭೆಗಳ ನಡಾವಳಿ ಕೇಳಿ ಓದಿ. ರಿಪೇರಿ ನಿಧಿಯಲ್ಲಿ ಎಷ್ಟಿದೆ, ಸಾಲ ಇದೆಯೇ, ಹೊರಗೋಡೆಗೆ ಶಾಖ ತಡೆಯುವ ಹೊದಿಕೆ ಹಾಕಿಸಿದ್ದಾರೆಯೇ, ನೀರಿನ ಪೈಪು ಬದಲಿಸಿದ್ದಾರೆಯೇ ಎಂಬುದೆಲ್ಲ ಅಲ್ಲೇ ಸಿಗುತ್ತದೆ. ಕಟ್ಟಡದ ಕಾನೂನೂ ಬದಲಾಗಿದೆ. ಹೊಸದು 2024ರ ಜುಲೈ 1ರಿಂದ ಪೂರ್ತಿ ಜಾರಿಯಲ್ಲಿದೆ. ಆದ್ದರಿಂದ "ನಾನು ಹತ್ತು ವರ್ಷದ ಹಿಂದೆ ಏನೂ ಕೇಳದೇ ಮಾಡಿಸಿದೆ" ಎನ್ನುವ ಗೆಳೆಯರ ಮಾತು ನೆಚ್ಚಿಕೊಳ್ಳದೆ, ಬಡಾವಣೆಯ ಕಟ್ಟಡ ಕಚೇರಿಯಲ್ಲೇ ವಿಚಾರಿಸಿ.

ಪೈಪಿನ ಸರದಿ ಯಾವಾಗ?

ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ಪನೆಲಾಕ್‌ನಲ್ಲಿ ಅಡುಗೆಮನೆ, ಸ್ನಾನದ ಮನೆ, ಪಾಯಿಖಾನೆ ಮೂರೂ ಒಂದೇ ಕಡೆ ಒತ್ತಿಕೊಂಡಿರುತ್ತವೆ. ಅವುಗಳ ಬೆನ್ನಿಗೆ ನೆಲದಿಂದ ಛಾವಣಿಯವರೆಗೆ ಹೋಗುವ ಒಂದು ಕೊಳವೆಗೂಡು ಇರುತ್ತದೆ. ಬಿಸಿನೀರು, ತಣ್ಣೀರು, ಕೊಳಚೆ, ಹೊಗೆ, ಕೆಲವು ಕಡೆ ಗ್ಯಾಸ್, ಎಲ್ಲವೂ ಅದರೊಳಗೆ. ಆ ಪೈಪುಗಳಿಗೆ ಸ್ತೋಪಾಚ್ಕಿ ಎನ್ನುತ್ತಾರೆ, 'ಮೇಲಕ್ಕೆ ಹತ್ತುವವು' ಎಂಬ ಅರ್ಥದಲ್ಲಿ. ಅವು ಇಡೀ ಕಟ್ಟಡಕ್ಕೆ ಸೇರಿದವು. ಬದಲಿಸುವಾಗ ಕೆಳಗಿನಿಂದ ಮೇಲಿನವರೆಗೆ ಎಲ್ಲ ಮಹಡಿಯವರದನ್ನೂ ಒಟ್ಟಿಗೇ ಬದಲಿಸಬೇಕು.

ನಮ್ಮ ಮನೆಯಲ್ಲಿ ಆದದ್ದನ್ನು ಹೇಳುತ್ತೇನೆ. ಕೊಂಡ ವರ್ಷವೇ ಉತ್ಸಾಹದಿಂದ ಸ್ನಾನದ ಮನೆ ಹೊಸದು ಮಾಡಿಸಿದೆವು. ಟೈಲ್ಸ್ ಕೂರಿಸಿ ಹದಿನಾಲ್ಕು ತಿಂಗಳಾಗಿತ್ತು, ಅಷ್ಟರಲ್ಲಿ ಸಂಘ ಪೈಪು ಬದಲಿಸಲು ತೀರ್ಮಾನಿಸಿತು. ಹಳೆಯ ಉಕ್ಕಿನ ಪೈಪು ಒಳಗೆಲ್ಲ ತುಕ್ಕು ಕಟ್ಟಿ ನೀರು ಬೆರಳಷ್ಟೂ ಬರುತ್ತಿರಲಿಲ್ಲ, ತೀರ್ಮಾನ ಸರಿಯಾದದ್ದೇ. ಕೆಲಸದವರು ಬಂದು ಪಾಯಿಖಾನೆಯ ಹಿಂದಿನ ಗೋಡೆ ಒಡೆದರು. ಅದೇ ಬಣ್ಣದ ಟೈಲ್ಸ್ ಮತ್ತೆ ಸಿಗಲಿಲ್ಲ. ಸಭೆಯ ನಡಾವಳಿಯಲ್ಲಿ ಆ ವಿಷಯ ಎರಡು ವರ್ಷದಿಂದ ಬರುತ್ತಲೇ ಇತ್ತು, ಓದದೇ ಇದ್ದದ್ದು ನಾವೇ.

ನೀವು ಹೀಗೆ ಮಾಡಿ. ಪೈಪು ಈಗಾಗಲೇ ಪ್ಲಾಸ್ಟಿಕ್ ಆಗಿದ್ದರೆ ಕೆಲಸ ಶುರು ಮಾಡಿ. ಇನ್ನೂ ಉಕ್ಕಿನದಾಗಿದ್ದರೆ ಸಂಘವನ್ನು ಕೇಳಿ, ಅವರ ಸರದಿಗೆ ಹೊಂದುವಂತೆ ನಿಮ್ಮ ಕೆಲಸ ಇಟ್ಟುಕೊಳ್ಳಿ. ಒಂದು ವರ್ಷ ಕಾದರೂ ನಷ್ಟವಿಲ್ಲ.

ಡಬ್ಬದ ಗೋಡೆ ತೆಗೆಯುವುದು

ಆರಂಭದಲ್ಲಿ ತಟ್ಟಿ ನೋಡಿದೆವಲ್ಲ, ಆ ಗೋಡೆಗಳ ಗುಂಪಿಗೆ ಬಿತೊವೆ ಯಾದ್ರೊ ಎಂದು ಹೆಸರು. 'ಮನೆಯ ತಿರುಳು' ಎಂದರ್ಥ. ತೆಳ್ಳನೆಯ ಚೌಕಟ್ಟಿಗೆ ಉಮಕಾರ್ಟ್ ಎಂಬ ಹಾಳೆ ಹೊದಿಸಿರುತ್ತಾರೆ. ನಮ್ಮಲ್ಲಿ ಸನ್‌ಮೈಕಾ ಎನ್ನುತ್ತೇವಲ್ಲ, ಆ ಜಾತಿಯದು. ಐವತ್ತು ವರ್ಷವಾದರೂ ಹಾಳೆಗೆ ಏನೂ ಆಗಿರುವುದಿಲ್ಲ, ಕೀಲುಗಳು ಮಾತ್ರ ಕೊಳೆತಿರುತ್ತವೆ.

ಒಡೆಯುವ ಮೊದಲು ಒಂದು ಪರೀಕ್ಷೆ ತಪ್ಪಿಸಬೇಡಿ. ಕೆಲವು ಬಗೆಯ ತಿರುಳುಗಳಲ್ಲೂ ಕೊಳವೆಗೂಡಿನ ಹಲಗೆಗಳಲ್ಲೂ ಗಾಳಿ ಕೊಳವೆಗಳಲ್ಲೂ ಕಲ್ನಾರು, ಅಂದರೆ ಆಸ್‌ಬೆಸ್ಟಾಸ್, ಬೆರೆಸಿರುತ್ತಾರೆ. ಒಡೆದಾಗ ಏಳುವ ಅದರ ಎಳೆ ಶ್ವಾಸಕೋಶ ಸೇರಿದರೆ ಹೊರಬರುವುದಿಲ್ಲ, ಕ್ಯಾನ್ಸರ್ ತರಬಲ್ಲದು. ಚೂರೊಂದನ್ನು ಪ್ರಯೋಗಾಲಯಕ್ಕೆ ಕಳಿಸಿ. ಇದೆ ಎಂದು ಗೊತ್ತಾದರೆ ಆ ಕೆಲಸಕ್ಕೆ ಪರವಾನಗಿ ಇರುವ ಕಂಪನಿಯೇ ಬರಬೇಕು. ಸುತ್ತಿಗೆ ಹಿಡಿದು ನೀವೇ ಇಳಿಯಬೇಡಿ. ಮನೆಯಲ್ಲಿ ಮಕ್ಕಳಿದ್ದರಂತೂ ಕೈಮುಗಿದು ಕೇಳುತ್ತೇನೆ, ಈ ಖರ್ಚು ಉಳಿಸಲು ಹೋಗಬೇಡಿ.

ಇನ್ನು ಹೊಸ ಗೋಡೆಯ ತೂಕ. ಒಂದು ಮೀಟರ್ ಉದ್ದ, 2.6 ಮೀಟರ್ ಎತ್ತರದ ಗೋಡೆ ಲೆಕ್ಕ ಹಾಕೋಣ. ಏಳೂವರೆ ಸೆಂಟಿಮೀಟರ್ ದಪ್ಪದ, ಘನ ಮೀಟರಿಗೆ 500 ಕಿಲೋ ತೂಗುವ ಹಗುರ ಬ್ಲಾಕಿನಲ್ಲಿ ಕಟ್ಟಿದರೆ ಸುಮಾರು 100 ಕಿಲೋ. ಅದನ್ನೇ ಹತ್ತು ಸೆಂಟಿಮೀಟರ್ ದಪ್ಪದ ಇಟ್ಟಿಗೆಯಲ್ಲಿ ಕಟ್ಟಿದರೆ 450 ಕಿಲೋ ದಾಟುತ್ತದೆ. ತಿರುಳಿನ ಗೋಡೆಗಳೆಲ್ಲ ಸೇರಿ ಎಂಟು ಮೀಟರ್ ಉದ್ದವಿದ್ದರೆ ಒಂದು ಲೆಕ್ಕದಲ್ಲಿ 800 ಕಿಲೋ, ಇನ್ನೊಂದರಲ್ಲಿ ಮೂರೂವರೆ ಟನ್ನಿಗೂ ಮೇಲೆ. ಮೇಲಿಂದ ಕೆಳಗಿನವರೆಗೆ ಎಲ್ಲ ಮಹಡಿಯವರೂ ಇಟ್ಟಿಗೆ ಹಿಡಿದರೆ ಕಟ್ಟಡದ ಗತಿ ಏನು? ಅದಕ್ಕೇ ಸ್ತಾತಿಕ್ ಎಂಬ ರಚನಾ ಎಂಜಿನಿಯರ್ ಸಹಿ ಹಾಕಿದ ಲೆಕ್ಕ ಕೇಳುತ್ತಾರೆ.

ನೆಲದ ವಿಷಯ ನಮ್ಮವರಿಗೆ ವಿಶೇಷವಾಗಿ ಹೇಳಬೇಕು. ಊರಿನ ಬಚ್ಚಲಿನ ಹಾಗೆ ಬಕೆಟ್ ಇಟ್ಟು ಚೊಂಬಿನಿಂದ ಮೊಗೆದು ಸ್ನಾನ ಮಾಡುವ ನೆಲ ಇದಲ್ಲ. ಹಳೆಯ ತಿರುಳಿನ ನೆಲಕ್ಕೆ ಇಳಿಜಾರೂ ಇರುವುದಿಲ್ಲ, ನೀರು ಹೋಗುವ ಕಿಂಡಿಯೂ ಇರುವುದಿಲ್ಲ. ಚೆಲ್ಲಿದ ನೀರು ನೇರ ಕೆಳಮನೆಯವರ ಸೂರಿಗೆ. ಸ್ನಾನ ಏನಿದ್ದರೂ ಟಬ್ಬಿನೊಳಗೆ. ಹೊಸದಾಗಿ ಮಾಡಿಸುವಾಗ ಟೈಲ್ಸ್ ಕೆಳಗೆ ನೀರು ತಡೆಯುವ ಲೇಪನವನ್ನು ಎರಡು ಪದರ ಹಾಕಿಸಿ, ಮೂಲೆಗಳಿಗೆ ಪಟ್ಟಿ ಅಂಟಿಸಿ, ಗೋಡೆಗೂ ಮೇಲಕ್ಕೆ ತಿರುಗಿಸಿ. ಕೆಲಸದವರು ಬೇಡ ಎಂದರೂ ಪಟ್ಟು ಹಿಡಿಯಿರಿ.

ಇದೆಲ್ಲಕ್ಕೆ ಮೂರರಿಂದ ನಾಲ್ಕು ವಾರ ಬೇಕು. ಅಷ್ಟು ದಿನ ಮನೆಯಲ್ಲಿ ಪಾಯಿಖಾನೆ ಇರುವುದಿಲ್ಲ. ವಯಸ್ಸಾದ ಅಪ್ಪ ಅಮ್ಮ ಊರಿಂದ ಬಂದಿರುವ ತಿಂಗಳಲ್ಲಿ ಇಟ್ಟುಕೊಳ್ಳಬೇಡಿ.

ವೈರಿಂಗ್

ಸ್ವಿಚ್ ಬೋರ್ಡು ಬಿಚ್ಚಿದಾಗ ತಂತಿ ಬೆಳ್ಳಗೆ ಕಂಡರೆ ಅದು ಅಲ್ಯುಮಿನಿಯಂ. ಸ್ಕ್ರೂ ಬಿಗಿತಕ್ಕೆ ಈ ಲೋಹ ವರ್ಷಗಳು ಕಳೆದಂತೆ ಮೆತ್ತಗಾಗಿ ಜಾರುತ್ತದೆ, ಜೋಡಣೆ ಸಡಿಲವಾಗಿ ಬಿಸಿಯೇರುತ್ತದೆ. ಎರಡೇ ತಂತಿ ಇದ್ದರೆ ಅರ್ತಿಂಗ್ ಬೇರೆಯಾಗಿಲ್ಲ. ಸಾಕೆಟ್ಟಿನ ಅರ್ತಿಂಗ್ ಕಡ್ಡಿಯನ್ನು ನ್ಯೂಟ್ರಲ್‌ಗೇ ಸೇರಿಸಿರುತ್ತಾರೆ, ಆ ತಂತಿ ಎಲ್ಲಾದರೂ ತುಂಡಾದರೆ ವಾಷಿಂಗ್ ಮಷಿನ್ನಿನ ಮೈಯಲ್ಲೇ ಕರೆಂಟು ಹರಿಯಬಹುದು. ಜೀವ ಉಳಿಸುವ ಲೀಕೇಜ್ ಬ್ರೇಕರನ್ನು ಈ ಎರಡು ತಂತಿಯ ವ್ಯವಸ್ಥೆಗೆ ಹಾಕಲು ಬರುವುದಿಲ್ಲ. ಆದ್ದರಿಂದ ತಾಮ್ರದ ಮೂರು ತಂತಿ ಎಳೆಸಿ, ತಾಮ್ರ ಮತ್ತು ಅಲ್ಯುಮಿನಿಯಂ ಎರಡನ್ನೂ ಒಟ್ಟಿಗೆ ಸುರುಳಿ ಸುತ್ತಿ ಜೋಡಿಸಲು ಬಿಡಬೇಡಿ. ಮುಗಿದ ಮೇಲೆ ಪರೀಕ್ಷಕರ ಲಿಖಿತ ವರದಿ ಪಡೆದು ಜೋಪಾನ ಮಾಡಿ. ಗ್ಯಾಸ್ ಒಲೆ ತೆಗೆಸಿ ಇಂಡಕ್ಷನ್ ಹಾಕಿಸುವವರು ಮೊದಲು ಮನೆಗೆ ಬರುವ ಕರೆಂಟು ಸಾಲುತ್ತದೆಯೇ ಎಂದು ನೋಡಿಸಬೇಕು. ಗ್ಯಾಸ್ ಸಂಪರ್ಕವನ್ನು ಪರವಾನಗಿ ಇರುವವರೇ ಮುಚ್ಚಬೇಕು.

ಗೋಡೆ, ಕೊರೆತ, ನೆರೆಯವರು

ಇಲ್ಲಿನ ಬಹುತೇಕ ಕಟ್ಟಡಗಳಲ್ಲಿ ಭಾರ ಹೊರುವುದು ಮನೆಯ ಅಡ್ಡಕ್ಕೆ ನಿಂತ ಗೋಡೆಗಳು. ಕೆಲವು ಮಾದರಿಗಳಲ್ಲಿ ಅವು 14-15 ಸೆಂಟಿಮೀಟರ್, ಕೆಲವದರಲ್ಲಿ 19. ಅಡುಗೆಮನೆಗೂ ಹಾಲ್‌ಗೂ ನಡುವೆ ಬಾಗಿಲು ತೆಗೆಯುವ ಆಸೆಯಿದ್ದರೆ ಸ್ತಾತಿಕ್, ಸಂಘ, ಕಟ್ಟಡ ಕಚೇರಿ ಮೂವರ ಒಪ್ಪಿಗೆಯೂ ಬೇಕು. ವೈರು ಹುದುಗಿಸಲು ಆ ಗೋಡೆಯಲ್ಲಿ ಅಡ್ಡ ತೋಡು ಕೊರೆಯುವುದೂ ಬೇಡ, ಒಳಗಿನ ಕಂಬಿ ತುಂಡಾಗುತ್ತದೆ.

ಪಟ ನೇತುಹಾಕುವ ಒಂದು ಮೊಳೆಗೂ ಸಾಮಾನ್ಯ ಡ್ರಿಲ್ ಸಾಲುವುದಿಲ್ಲ, ಹ್ಯಾಮರ್ ಡ್ರಿಲ್ ಬೇಕು. ಮೂರನೇ ಮಹಡಿಯಲ್ಲಿ ಕೊರೆದರೆ ಎಂಟನೇ ಮಹಡಿಯವರಿಗೆ ತಮ್ಮ ಗೋಡೆಯನ್ನೇ ಕೊರೆದ ಹಾಗೆ ಕೇಳಿಸುತ್ತದೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಸದ್ದು ಮಾಡುವಂತಿಲ್ಲ ಎಂಬುದು ಕಾನೂನು. ಭಾನುವಾರ ಕೊರೆಯದಿರುವುದು ಮರ್ಯಾದೆ. ಕೆಲಸಕ್ಕೆ ಒಂದು ವಾರ ಮುಂಚೆ ಲಿಫ್ಟಿನಲ್ಲಿ ಚೆಕ್ ಭಾಷೆಯ ಚೀಟಿ ಅಂಟಿಸಿ: ಯಾವ ಮನೆ, ಯಾವತ್ತಿನಿಂದ ಯಾವತ್ತಿನವರೆಗೆ, ಫೋನ್ ನಂಬರ್. "ವಾಜೆನೀ ಸೋಸೆದೆ", ಮಾನ್ಯ ನೆರೆಯವರೇ, ಎಂದು ಶುರು ಮಾಡಿ. ಕೆಳಮನೆಯವರಿಗೆ ಮಾತ್ರ ನೀವೇ ಹೋಗಿ ಬಾಗಿಲು ತಟ್ಟಿ ಹೇಳಿ. ನಮ್ಮ ಕೆಳಮನೆಯ ಅಜ್ಜಿ ಆ ಮೂರು ವಾರ ತಮ್ಮ ಪಾಯಿಖಾನೆಯ ಬೀಗದ ಕೈಯನ್ನೇ ನಮಗೆ ಕೊಟ್ಟಿದ್ದರು.

ಹೀಟರ್ ಮತ್ತು ಗಾಳಿ

ಹೀಟರ್ ಬದಲಿಸಬೇಕಿದ್ದರೆ ಬೇಸಿಗೆಯಲ್ಲೇ ಮಾಡಿಸಿ. ಬಿಸಿ ಬರುವುದು ಇಡೀ ಕಟ್ಟಡಕ್ಕೆ ಒಂದೇ ಕಡೆಯಿಂದ. ಸೆಪ್ಟೆಂಬರ್ 1ರಿಂದ ಮೇ 31ರವರೆಗೆ ಅದರ ಕಾಲ. ಹೊರಗಿನ ಸರಾಸರಿ ಉಷ್ಣತೆ ಎರಡು ದಿನ ಸತತ 13 ಡಿಗ್ರಿಗಿಂತ ಕೆಳಗಿಳಿದು, ಮರುದಿನವೂ ಏರುವ ಸೂಚನೆ ಇಲ್ಲದಿದ್ದರೆ ಶುರುವಾಗುತ್ತದೆ.

ಹೊಸ ಪ್ಲಾಸ್ಟಿಕ್ ಕಿಟಕಿಗಳು ಎಷ್ಟು ಬಿಗಿಯೆಂದರೆ ಅನ್ನ ಬೇಯಿಸಿದ ಹಬೆ, ಒಳಗೆ ಹರವಿದ ಬಟ್ಟೆಯ ತೇವ ಯಾವುದೂ ಹೊರಗೆ ಹೋಗುವುದಿಲ್ಲ. ಮೂಲೆಯಲ್ಲಿ ಕಪ್ಪಗೆ ಬೂಷ್ಟು ಹಿಡಿಯುತ್ತದೆ. ದಿನಕ್ಕೆ ಮೂರು ನಾಲ್ಕು ಸಲ, ಐದರಿಂದ ಹತ್ತು ನಿಮಿಷ ಕಿಟಕಿ ಪೂರ್ತಿ ತೆರೆಯಿರಿ, ಆಮೇಲೆ ಮುಚ್ಚಿ. ದಿನವಿಡೀ ಸ್ವಲ್ಪ ಓರೆ ಮಾಡಿಟ್ಟರೆ ಗೋಡೆ ತಣ್ಣಗಾಗಿ ಬೂಷ್ಟು ಹೆಚ್ಚುತ್ತದೆ.

ಒಗ್ಗರಣೆ ಘಾಟಿನ ಬಗ್ಗೆ ಹೇಳದಿದ್ದರೆ ಆಗದು. ಅಡುಗೆಮನೆಯ ಹೊಗೆ ಕಿಂಡಿ ಎಲ್ಲ ಮಹಡಿಗೂ ಸೇರಿದ ಒಂದೇ ಕೊಳವೆಗೆ ತೆರೆಯುತ್ತದೆ. ಅದಕ್ಕೆ ನೀವು ಜೋರು ಫ್ಯಾನಿನ ಚಿಮಣಿ ಸೇರಿಸಿದರೆ ಒಣಮೆಣಸಿನಕಾಯಿಯ ಘಾಟು ನೆರೆಯವರ ಮನೆಗೆ ಹೋಗುತ್ತದೆ. ಎಷ್ಟೋ ಸಂಘಗಳು ಇದನ್ನು ನಿಷೇಧಿಸಿವೆ. ಕೇಳಿಯೇ ಮಾಡಿಸಿ, ಹಿಮ್ಮುಖ ಗಾಳಿ ತಡೆಯುವ ಮುಚ್ಚಳ ಹಾಕಿಸಿ. ಒಪ್ಪಿಗೆ ಸಿಗದಿದ್ದರೆ ಇದ್ದಿಲಿನ ಫಿಲ್ಟರ್ ಇರುವ, ಹೊರ ಕೊಳವೆ ಬೇಡದ ಚಿಮಣಿ ಸಿಗುತ್ತದೆ. ನಾವು ಅದನ್ನೇ ಹಾಕಿಸಿದ್ದೇವೆ, ಸಾಕಾಗುತ್ತದೆ.

ಗೋಡೆ ಮುಚ್ಚುವ ಮುಂಚೆ

ನೀರಿನ ಮೀಟರ್, ವಾಲ್ವ್ ಇರುವ ಕಡೆ ಟೈಲ್ಸ್ ಹಚ್ಚಿ ಮುಚ್ಚಬೇಡಿ, ಅಯಸ್ಕಾಂತದಿಂದ ನಿಲ್ಲುವ ಬಾಗಿಲು ಇಡಿಸಿ. ಗಾರೆ ಬೀಳುವ ಮುಂಚೆ ಅಳತೆ ಟೇಪು ಹಿಡಿದು ಒಂದೊಂದು ಪೈಪು, ವೈರಿನ ಫೋಟೊ ತೆಗೆಯಿರಿ. ನಾವು ಅವನ್ನು ಪ್ರಿಂಟ್ ಹಾಕಿಸಿ, ಪ್ಲಾಸ್ಟಿಕ್ ಲಕೋಟೆಗೆ ತುಂಬಿ, ಆ ಪುಟ್ಟ ಬಾಗಿಲಿನ ಒಳಬದಿಗೆ ಅಂಟಿಸಿದ್ದೇವೆ. ಮುಂದೆ ಈ ಮನೆಗೆ ಬರುವವರು ಗೋಡೆ ತಟ್ಟಿ ಊಹಿಸುವ ಬದಲು ಅದನ್ನು ತೆರೆದು ನೋಡಬಹುದು.