ಬಾಗಿಲು ಬಡಿಯದೆ ಎದ್ದು ಬಂದೆ

ಅಣ್ಣನ ಜೊತೆ ಮಾತು ಶುರುವಾದರೆ ಜಗಳದಲ್ಲೇ ಮುಗಿಯುತ್ತಿತ್ತು. ನಾನು ಏನು ಮಾಡಿದರೂ ಅವನು ಅದರಲ್ಲೊಂದು ಹುಳುಕು ಹುಡುಕುತ್ತಾನೆ. ಕೆಲಸ ಬದಲಿಸಿದರೆ "ಅಲ್ಲೂ ಎರಡು ತಿಂಗಳು ನಿಲ್ಲಲ್ಲ ನೀನು". ಮಗಳಿಗೆ ಒಳ್ಳೆ ಮಾರ್ಕ್ಸ್ ಬಂದರೆ "ಪೇಪರ್ ಸುಲಭ ಇತ್ತು ಬಿಡು". ವರ್ಷಗಟ್ಟಲೆ ಮಾತಿಗೆ ಮಾತು ಕೊಟ್ಟೆ. ಆಮೇಲೆ ಎದ್ದು ಬರುವುದನ್ನು ಕಲಿತೆ ಅಂದುಕೊಂಡೆ. ಆದರೆ ಬರುವಾಗ ಚುಚ್ಚುವ ಮಾತೊಂದನ್ನು ಎಸೆದು, ಬಾಗಿಲನ್ನು ಧಡ್ ಅಂತ ಎಳೆದುಕೊಂಡು ಬರುತ್ತಿದ್ದೆ. ಕೊನೆಯ ಏಟು ನನ್ನದೇ ಆಗಿರಲಿ ಅನ್ನುವ ಹಠ ಅದು.

ಒಂದು ಸಂಜೆ ಅವನು ದನಿ ಏರಿಸಿದ. ನನ್ನ ಕಿವಿ ಬಿಸಿಯಾಯಿತು. ಕೈಯಲ್ಲಿದ್ದ ಪೆನ್ನಿನ ಕ್ಯಾಪನ್ನು ಎಷ್ಟು ಒತ್ತಿ ಹಿಡಿದಿದ್ದೆ ಅಂದರೆ ಹೆಬ್ಬೆರಳಿನ ಮೇಲೆ ಗುರುತು ಬಿದ್ದಿತ್ತು. ಅದನ್ನು ನೋಡಿದಾಗ, ಈಗ ಬಾಯಿ ತೆರೆದರೆ ಕೆಟ್ಟದ್ದೇ ಬರುತ್ತದೆ ಅಂತ ಗೊತ್ತಾಯಿತು.

"ನನಗೆ ಈಗ ಮಾತಾಡೋಕೆ ಆಗ್ತಿಲ್ಲ. ನಾಳೆ ಫೋನ್ ಮಾಡ್ತೀನಿ" ಅಂದು ಎದ್ದೆ.

"ಓಡು, ಓಡು" ಅಂದ ಹಿಂದಿನಿಂದ. ಬಾಗಿಲ ಹಿಡಿಕೆಯನ್ನು ಕೊನೆವರೆಗೂ ಬಿಡದೆ ಮೆಲ್ಲಗೆ ಎಳೆದೆ. ಚಿಲಕ ಟಿಕ್ ಅಂದಿದ್ದು ನನಗೊಬ್ಬಳಿಗೇ ಕೇಳಿಸಿರಬೇಕು.

ಹೊರಗೆ ಬಂದು ನಾಡಿ ಹಿಡಿದೆ. 15 ಸೆಕೆಂಡಿಗೆ 28 ಬಡಿತ. ನಿಮಿಷಕ್ಕೆ 112 ಆಯಿತು. ಗಂಡ ಹೆಂಡತಿ ಜಗಳಗಳನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್ ಪ್ರಕಾರ, ಜಗಳದ ನಡುವೆ ಬಡಿತ 100 ದಾಟಿದರೆ ಎದುರಿನವರ ಮಾತು ಸರಿಯಾಗಿ ತಲೆಗೇ ಹೋಗುವುದಿಲ್ಲ. ಮೈ ತಣ್ಣಗಾಗಲು ಕನಿಷ್ಠ 20 ನಿಮಿಷ ಬೇಕು.

ನಿಜವಾದ ಕಷ್ಟ ಆ 20 ನಿಮಿಷದಲ್ಲೇ ಇರೋದು. ಕಾಲು ಹೊರಗೆ ಬಂದಿರುತ್ತದೆ, ತಲೆ ಇನ್ನೂ ಒಳಗೇ ಕೂತು ವಾದ ಮಾಡುತ್ತಿರುತ್ತದೆ. ಹೀಗೆ ಅನ್ನಬೇಕಿತ್ತು, ಹಾಗೆ ಅನ್ನಬೇಕಿತ್ತು ಅಂತ. ಆ ವಾದ ನಡೆಯುತ್ತಿರುವವರೆಗೂ ಎದೆಬಡಿತ ಇಳಿಯುವುದಿಲ್ಲ. ಹಾಗಾಗಿ ನಡೆಯುತ್ತಾ ಹೆಜ್ಜೆ ಎಣಿಸುತ್ತೇನೆ. ನಾಲ್ಕು ಹೆಜ್ಜೆಗೆ ಉಸಿರು ಒಳಗೆ, ಆರು ಹೆಜ್ಜೆಗೆ ಹೊರಗೆ. ಉಸಿರು ಬಿಡುವಾಗ ಹೃದಯದ ಬಡಿತ ತಾನಾಗಿ ನಿಧಾನವಾಗುತ್ತದೆ, ಅದಕ್ಕೇ ಬಿಡುವುದು ಜಾಸ್ತಿ ಹೊತ್ತು. ತಕ್ಷಣ ಯಾರಿಗೋ ಫೋನ್ ಮಾಡಿ ಕಥೆ ಹೇಳುವುದನ್ನೂ ನಿಲ್ಲಿಸಿದ್ದೇನೆ. ಹೇಳಿದರೆ ಅದೇ ಜಗಳ ಇನ್ನೊಂದು ಸಲ ಆಡಿದ ಹಾಗೆ ಅಲ್ವಾ?

ಕೈ ಎತ್ತುವವರ ಮುಂದೆ ಮಾತ್ರ ಇದ್ಯಾವುದೂ ಬೇಡ. ಅಲ್ಲಿ ಕಾರಣ ಹೇಳುತ್ತಾ ನಿಲ್ಲಬಾರದು, ಜನ ಇರುವ ಕಡೆ ಹೋಗಿಬಿಡಬೇಕು.

ಮರುದಿನ ಹೇಳಿದ ಹಾಗೆ ಫೋನ್ ಮಾಡಿದೆ. ಇದನ್ನು ಒಂದು ಸಲವೂ ತಪ್ಪಿಸಿಲ್ಲ. ತಪ್ಪಿಸಿದರೆ "ನಾಳೆ" ಅನ್ನುವ ಮಾತಿಗೆ ಬೆಲೆ ಇರುವುದಿಲ್ಲ. ಅಣ್ಣ ಬದಲಾಗಿಲ್ಲ, ಈಗಲೂ ಹುಳುಕು ಹುಡುಕುತ್ತಾನೆ. ಆದರೆ ಹೋದ ತಿಂಗಳು ನಾನು ಎದ್ದು ಬಂದು ಚಪ್ಪಲಿ ಮೆಟ್ಟುತ್ತಿದ್ದಾಗ, ಒಳಗಿನಿಂದಲೇ ಕೇಳಿದ: "ನಾಳೆ ಎಷ್ಟು ಹೊತ್ತಿಗೆ ಮಾಡ್ತೀಯಾ?"