ಲಡಾಯಿಗೆ ಹೋದ ಮುತ್ತಜ್ಜನ ದಾಖಲೆ ಹುಡುಕುವ ಬಗೆ

‘ಮುತ್ತಜ್ಜ ಬಸರಾಕ್ಕ ಹೋಗಿದ್ದ’, ‘ಅಜ್ಜ ಇಟಲಿ ಲಡಾಯಿ ನೋಡಿ ಬಂದಾನ’ ಎಂಬ ಮಾತು, ಮೊದಲ ಮಹಾಯುದ್ಧದಲ್ಲಿ ಇರಾಕಿನ ಬಸರಾಕ್ಕೆ, ಎರಡನೆಯದರಲ್ಲಿ ಇಟಲಿಗೆ ಬ್ರಿಟಿಷರ ಸೈನ್ಯದಲ್ಲಿ ಹೋದವರ ನೆನಪಾಗಿ, ಧಾರವಾಡ, ಗದಗ, ಹಾವೇರಿಯ ಎಷ್ಟೋ ಮನೆಗಳಲ್ಲಿ ಇನ್ನೂ ಉಳಿದಿದೆ. ಅದಕ್ಕೆ ಕಾಗದದ ಆಧಾರ ಬೇಕೆನ್ನುವವರು ಬಹುತೇಕ ಲಂಡನ್ನಿನ ದಾಖಲೆಗಳಿಂದ ಶುರು ಮಾಡಿ ಅಲ್ಲೇ ಸೋತು ಕೂರುತ್ತಾರೆ. ಭಾರತೀಯ ಸಾದಾ ಸಿಪಾಯಿಯ ಸೇವಾ ಕಾಗದಗಳು ಅವನ ಪಲ್ಟನ್ನಿನ ದಫ್ತರದಲ್ಲೇ ಇರುತ್ತಿದ್ದವು. ಲಾಹೋರಿನ ಮ್ಯೂಸಿಯಮ್ಮಿನಲ್ಲಿ ಸಿಕ್ಕ ದೊಡ್ಡ ರಜಿಸ್ಟರುಗಳು ಪಂಜಾಬದವು. ನಮ್ಮ ಊರವರನ್ನು ಅವುಗಳಲ್ಲಿ ಹುಡುಕಿ ಫಲವಿಲ್ಲ. ಮನೆಯ ಟ್ರಂಕಿನಿಂದ ಹೊರಟು ಬೆಳಗಾವಿಗೆ ಹೋಗಿ, ಲಂಡನ್ನನ್ನು ಕೊನೆಗೆ ಇಟ್ಟುಕೊಳ್ಳಿ.

ಮೊದಲು ಬೇಕಾದದ್ದು ಹೆಸರಲ್ಲ, ಸಿಪಾಯಿಯ ನಂಬರು. ಒಂದೇ ಪಲ್ಟನ್ನಿನಲ್ಲಿ ಒಂದೇ ಹೆಸರಿನ ಹತ್ತು ಮಂದಿ ಇದ್ದಿರಬಹುದು. ನಂಬರು ಮಾತ್ರ ಒಬ್ಬನದೇ, ಅದೂ ಆ ಪಲ್ಟನ್ನಿನ ಮಟ್ಟಿಗೆ. ಬೇರೆ ಪಲ್ಟನ್ನಿನಲ್ಲಿ ಅದೇ ನಂಬರು ಇನ್ನೊಬ್ಬನಿಗೆ ಇರುತ್ತದೆ. ಆದ್ದರಿಂದ ನಂಬರು ಮತ್ತು ಪಲ್ಟನ್ ಯಾವಾಗಲೂ ಜೋಡಿಯಾಗಿಯೇ ಬೇಕು. ಇವೆರಡೂ ಸಿಗುವುದು ಡಿಸ್ಚಾರ್ಜ್ ಪುಸ್ತಕದಲ್ಲಿ, ಪೆನ್ಶನ್ ಕಾಗದದಲ್ಲಿ, ಇಲ್ಲವೇ ಮೆಡಲ್ಲಿನ ಮೇಲೆ.

ಮೆಡಲ್ಲನ್ನು ಹುಣಸೆಹಣ್ಣು, ರಂಗೋಲಿಪುಡಿ ಹಚ್ಚಿ ತಿಕ್ಕಬೇಡಿ, ಅಂಚಿನ ಅಕ್ಷರ ಸವೆದುಹೋದರೆ ಮತ್ತೆ ಬಾರದು. ಕತ್ತಲ ಕೋಣೆಯಲ್ಲಿ ಮೊಬೈಲಿನ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದು ಮೆಡಲ್ಲನ್ನು ತಿರುಗಿಸುತ್ತ ಫೋಟೋ ತೆಗೆಯಿರಿ. ಮೊದಲ ಮಹಾಯುದ್ಧದ ದುಂಡು ಮೆಡಲ್ಲುಗಳಲ್ಲಿ ನಂಬರು, ಹುದ್ದೆ, ಹೆಸರು, ಪಲ್ಟನ್ ಅಂಚಿನ ಸುತ್ತ ಇರುತ್ತವೆ. 1914–15ರ ಸ್ಟಾರ್ ಎಂಬ ನಕ್ಷತ್ರದಾಕಾರದ ಮೆಡಲ್ಲಿನಲ್ಲಿ ಹಿಂಬದಿಗೆ. ಅಂಗೈಯಗಲದ ಕಂಚಿನ ಫಲಕ ಸಿಕ್ಕರೆ ಆ ಮನುಷ್ಯ ಯುದ್ಧಕಾಲದ ಸೇವೆಯಲ್ಲಿ ತೀರಿಹೋದನೆಂದು ಅರ್ಥ. ಆದರೆ ಅದರ ಮೇಲೆ ಬರೀ ಹೆಸರಿರುತ್ತದೆ, ನಂಬರು ಇರುವುದಿಲ್ಲ.

ಪಲ್ಟನ್ನಿನ ಹೆಸರು ಓದುವಾಗ ಕಾಲ ನೋಡಬೇಕು. 1922ರಲ್ಲಿ ಮರಾಠಾ ಪಲ್ಟನ್ನುಗಳನ್ನೆಲ್ಲ ಒಂದೇ ರೆಜಿಮೆಂಟಿನಡಿ ತಂದರು: 103ನೆಯ ನಂಬರಿನ ಪಲ್ಟನ್ ಒಂದನೆಯ ಬಟಾಲಿಯನ್ ಆಯಿತು, 105 ಎರಡನೆಯದು, 110 ಮೂರನೆಯದು, 116 ನಾಲ್ಕನೆಯದು, 117 ಐದನೆಯದು. 114 ಬೆಳಗಾವಿಯ ತರಬೇತಿ ಬಟಾಲಿಯನ್ ಆಗಿ ಹತ್ತನೆಯ ನಂಬರು ಪಡೆಯಿತು. ಆಗ 110ರಲ್ಲಿದ್ದವನ ಮಗ ಮುಂದೆ ಮೂರನೆಯ ಬಟಾಲಿಯನ್ ಸೇರಿದ್ದರೆ ಇಬ್ಬರದೂ ಒಂದೇ ಮನೆತನದ ಪಲ್ಟನ್.

ಈಗ ಬೆಳಗಾವಿಗೆ ಬರೆಯಿರಿ. ಮರಾಠಾ ಲೈಟ್ ಇನ್‌ಫಂಟ್ರಿಯ ರೆಕಾರ್ಡ್ ಆಫೀಸು ಇರುವುದು ಅಲ್ಲಿ. ಅಜ್ಜ ಮಹಾರ್ ರೆಜಿಮೆಂಟಿನವರಾಗಿದ್ದರೆ, ಅದು 1941ರ ಅಕ್ಟೋಬರಿನಲ್ಲಿ ಬೆಳಗಾವಿಯಲ್ಲೇ ಹುಟ್ಟಿದ್ದರೂ ಈಗಿನ ಕೇಂದ್ರ ಮಧ್ಯಪ್ರದೇಶದ ಸಾಗರ. ಸೇತುವೆ, ರಸ್ತೆ ಕಟ್ಟುವ ಸೇನಾ ಇಂಜಿನಿಯರುಗಳ ದಳವಾದ ಬಾಂಬೆ ಸ್ಯಾಪರ್ಸ್ ಆದರೆ ಪುಣೆಯ ಖಡಕಿ, ಮದ್ರಾಸ್ ಸ್ಯಾಪರ್ಸ್ ಆದರೆ ಬೆಂಗಳೂರು. ಅರ್ಜಿಯಲ್ಲಿ ನಂಬರು, ಹುದ್ದೆ, ಹೆಸರು, ತಂದೆಯ ಹೆಸರು, ಊರು, ಅಂದಿನ ತಾಲೂಕು, ಭರತಿಯಾದ ಮತ್ತು ಬಿಟ್ಟುಬಂದ ಅಂದಾಜು ವರ್ಷ, ನಿಮಗೆ ಅವರು ಏನಾಗಬೇಕು ಎಂಬುದು ಇರಲಿ. ಡಿಸ್ಚಾರ್ಜ್ ಪುಸ್ತಕದ ಜೆರಾಕ್ಸ್, ನಿಮ್ಮ ಗುರುತಿನ ಚೀಟಿಯ ಪ್ರತಿ ಜೊತೆಗಿಡಿ. ಮೂಲ ಕಾಗದವನ್ನು ಎಂದೂ ಅಂಚೆಗೆ ಹಾಕಬೇಡಿ.

ಅರ್ಜಿಯಲ್ಲಿ ಒಂದು ಮಾತನ್ನು ತಪ್ಪದೆ ಬರೆಯಬೇಕು: ‘ಲಾಂಗ್ ರೋಲ್’ನ ನಕಲು ಬೇಕು ಎಂದು. ಪೆನ್ಶನ್ ಇಲ್ಲದೆ ಬಿಟ್ಟುಬಂದವರ ಶೀಟ್ ರೋಲ್, ಅಂದರೆ ಪೂರ್ತಿ ಸೇವಾ ಕಡತವನ್ನು, 25 ವರ್ಷದ ನಂತರ ನಾಶ ಮಾಡುವ ನಿಯಮವಿದೆ. ‘ಸೇವಾ ದಾಖಲೆ ಕೊಡಿ’ ಎಂದಷ್ಟೇ ಕೇಳಿದರೆ ‘ನಾಶವಾಗಿದೆ’ ಎಂಬ ಉತ್ತರ ಬರುತ್ತದೆ, ಜನ ಅಲ್ಲಿಗೇ ಕೈಬಿಡುತ್ತಾರೆ. ಲಾಂಗ್ ರೋಲ್ ಎಂಬ ದೊಡ್ಡ ರಜಿಸ್ಟರನ್ನು ಮಾತ್ರ ಕಾಯ್ದಿಡುತ್ತಾರೆ. ಅದರಲ್ಲಿ ಒಬ್ಬನಿಗೆ ಸಿಗುವುದು ಒಂದೇ ಸಾಲಿನಷ್ಟು ಜಾಗ. ಆದರೂ ಆ ಸಾಲು ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಉತ್ತರವೇ ಬರದಿದ್ದರೆ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಡಿ ಕೇಳಿ.

ತೀರಿಹೋದವರಿಗೆ ಇನ್ನೊಂದು ದಾರಿ ಇದೆ. ಯುದ್ಧದಲ್ಲಿ ಮಡಿದವರ ಸಮಾಧಿ, ಸ್ಮಾರಕಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ಪಟ್ಟಿ ಅಂತರ್ಜಾಲದಲ್ಲಿ ಪುಕ್ಕಟೆ ಇದೆ. 4 ಆಗಸ್ಟ್ 1914ರಿಂದ 31 ಆಗಸ್ಟ್ 1921, ಮತ್ತು 3 ಸೆಪ್ಟೆಂಬರ್ 1939ರಿಂದ 31 ಡಿಸೆಂಬರ್ 1947: ಈ ಎರಡು ಅವಧಿಯಲ್ಲಿ ತೀರಿದವರು ಮಾತ್ರ ಅದರಲ್ಲಿ ಬರುತ್ತಾರೆ. ಬದುಕಿ ಮನೆಗೆ ಬಂದವರನ್ನು ಅಲ್ಲಿ ಹುಡುಕಬಾರದು. ಹೆಸರಿನ ಕಾಗುಣಿತ ಬರೆದವನ ಕಿವಿಗೆ ಬಿದ್ದಂತೆ ಆಗಿರುತ್ತದೆ, ಹಾಗಾಗಿ ‘ಹೆಚ್ಚುವರಿ ಮಾಹಿತಿ’ ಎಂಬ ಖಾನೆಯಲ್ಲಿ ಊರು ಹಾಕಿ ನೋಡಿ. ಧಾರವಾಡ ಜಿಲ್ಲೆಗೆ ‘ಧಾರವಾರ್’, ಹುಬ್ಬಳ್ಳಿಗೆ ‘ಹುಬ್ಲಿ’ ಎಂಬ ಹಳೆಯ ಇಂಗ್ಲಿಷ್ ಬರಹ. ಗದಗ, ಹಾವೇರಿ ಜಿಲ್ಲೆಗಳಾದದ್ದು 1997ರಲ್ಲಿ, ಅವು ಅಲ್ಲಿ ಜಿಲ್ಲೆಯ ಹೆಸರಾಗಿ ಬರುವುದೇ ಇಲ್ಲ. ಹಳೆಯ ಕಾಗದಗಳಲ್ಲಿ ಹಾವೇರಿ ಕಡೆಯ ಊರುಗಳು ಕರಜಗಿ ತಾಲೂಕಿನಲ್ಲೂ, ಹಿರೇಕೆರೂರಿನವು ಕೋಡ ತಾಲೂಕಿನಲ್ಲೂ, ಶಿಗ್ಗಾಂವಿಯವು ಬಂಕಾಪುರದಲ್ಲೂ ಸಿಗುತ್ತವೆ. ಶಿರಹಟ್ಟಿ ಸಾಂಗಲಿ ಸಂಸ್ಥಾನಕ್ಕೆ, ಕುಂದಗೋಳ ಜಮಖಂಡಿಗೆ ಸೇರಿದ್ದವು, ಸವಣೂರು ನವಾಬರದು. ಬಸರಾದ ಸ್ಮಾರಕದ ಗೋಡೆಯ ಮೇಲೆ ನಮ್ಮ ಸಿಪಾಯಿಗಳ ಹೆಸರು ಕೆತ್ತಲಿಲ್ಲ. ಪಲ್ಟನ್ನಿನ ಕೆಳಗೆ ಸತ್ತವರ ಲೆಕ್ಕ ಮಾತ್ರ ಹಾಕಿದರು. ಇದು ನೋವಿನ ಸಂಗತಿ. ಗೋಡೆಯ ಫೋಟೋ ನೋಡಿ ‘ನಮ್ಮವರ ಹೆಸರಿಲ್ಲ’ ಎಂದು ತೀರ್ಮಾನಿಸಬೇಡಿ, ಪಟ್ಟಿಯಲ್ಲಿ ಹುಡುಕಿ.

ಮರಣದ ವರ್ಷ ಗೊತ್ತಿಲ್ಲದಿದ್ದರೆ ಹೊಲದ ಕಾಗದ ನೋಡಿ. ಅಂದಿನ ಮುಂಬಯಿ ಪ್ರಾಂತದ 1903ರ ಕಾಯ್ದೆಯಿಂದ ಹೊಲದ ಹಕ್ಕುಬದಲಾವಣೆ ಬರೆದಿಡುವ ಪದ್ಧತಿ ಬಂತು. ತಹಶೀಲ್ದಾರ ಕಚೇರಿಯ ರೆಕಾರ್ಡ್ ರೂಮಿನಲ್ಲಿ ಸರ್ವೆ ನಂಬರು ಕೊಟ್ಟು ಕೈಬರಹದ ಉತಾರ (ಹೊಲದ ಪಹಣಿ), ಅದರಲ್ಲಿ ತೋರಿಸಿದ ವಾರಸಾ ವರ್ದಿಯ, ಅಂದರೆ ಮಾಲೀಕ ತೀರಿದ ಮೇಲೆ ವಾರಸುದಾರರ ಹೆಸರು ದಾಖಲಿಸಿದ ನೋಂದಣಿಯ, ನಕಲು ಕೇಳಿ. ವಾರಸುದಾರರ ಸಂಬಂಧವೂ ಅದರಿಂದಲೇ ಸಾಬೀತಾಗುತ್ತದೆ. ಕೆಲವು ಹಳೆಯ ಬರಹ ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಎಂಬ ಕೂಡುಬರಹದ ಲಿಪಿಯಲ್ಲಿರುತ್ತದೆ, ಓದಬಲ್ಲವರನ್ನು ಮೊದಲೇ ಗೊತ್ತುಮಾಡಿಕೊಳ್ಳಿ.

ಕೊನೆಗೆ ಪಲ್ಟನ್ನಿನ ಯುದ್ಧದಿನಚರಿ. ಮೊದಲ ಮಹಾಯುದ್ಧದ್ದು ಲಂಡನ್ನಿನ ಕ್ಯೂದಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿ ಡಬ್ಲ್ಯೂ.ಓ. 95 ಎಂಬ ವರ್ಗದಲ್ಲಿದೆ. ಎರಡನೆಯ ಮಹಾಯುದ್ಧದಲ್ಲಿ ಇಟಲಿಗೆ ಡಬ್ಲ್ಯೂ.ಓ. 170, ಬರ್ಮಾಕ್ಕೆ ಡಬ್ಲ್ಯೂ.ಓ. 172. ದಿನಚರಿಯಲ್ಲಿ ಸಾದಾ ಸಿಪಾಯಿಯ ಹೆಸರು ಬರುವುದು ಅಪರೂಪ. ಪಲ್ಟನ್ ಎಲ್ಲಿತ್ತೆಂದು ಗೊತ್ತಾಗುತ್ತದೆಯೇ ಹೊರತು ಅಜ್ಜ ಅಂದು ಅಲ್ಲಿದ್ದರೆಂದು ಅದು ಹೇಳುವುದಿಲ್ಲ. ಎಲ್ಲರೂ ಎಡವುವುದು ಇಲ್ಲಿಯೇ. ಉದಾಹರಣೆಗೆ 103, 110, 117 ಮೂರೂ ಪಲ್ಟನ್ನುಗಳು ಇರಾಕಿನ ಕುತ್ ಊರಿನ ಮುತ್ತಿಗೆಯಲ್ಲಿ ಸಿಕ್ಕಿಬಿದ್ದು 29 ಏಪ್ರಿಲ್ 1916ರಂದು ಶರಣಾದವು. ಮುತ್ತಿಗೆ ಬಿದ್ದದ್ದು 1915ರ ಡಿಸೆಂಬರಿನಲ್ಲಿ. ಹಾಗಾದರೆ ಒಳಗಿದ್ದವರೆಲ್ಲ ಆ ವರ್ಷ ಮುಗಿಯುವ ಮೊದಲೇ ರಣರಂಗ ಮುಟ್ಟಿದವರು, 1914–15ರ ಸ್ಟಾರಿಗೆ ಹಕ್ಕುದಾರರು. ಸ್ಟಾರ್ ಇಲ್ಲದೆ ಉಳಿದೆರಡು ಮೆಡಲ್, ಅಂದರೆ ಬ್ರಿಟಿಷ್ ವಾರ್ ಮೆಡಲ್ ಮತ್ತು ವಿಕ್ಟರಿ ಮೆಡಲ್, ಮಾತ್ರ ಇದ್ದರೆ ಅಜ್ಜ ಬಹುಶಃ ಮುಂದೆ ಸೇರಿದವರು. ಆದರೆ ಮನೆಯಲ್ಲಿರುವುದು ಪೂರ್ತಿ ಸೆಟ್ಟೇ ಎಂದು ಮೊದಲು ವಿಚಾರಿಸಿ. ಬ್ರಿಟಿಷ್ ವಾರ್ ಮೆಡಲ್ ಬೆಳ್ಳಿಯದು, ಬರಗಾಲದಲ್ಲಿ ಅಕ್ಕಸಾಲಿಗನ ಅಂಗಡಿಗೆ ಹೋಗಿರಬಹುದು. ಅಣ್ಣತಮ್ಮಂದಿರು ಪಾಲಾಗುವಾಗ ಸ್ಟಾರ್ ಇನ್ನೊಂದು ಮನೆಗೆ ಹೋಗಿರಬಹುದು. ದಾಯಾದಿಗಳ ಮನೆಯ ಟ್ರಂಕನ್ನೂ ಒಮ್ಮೆ ತೆಗೆಸಿ ನೋಡಿ.